ಕವಚಕ್ಕೆ ತೂಕ ಕೊಟ್ಟವನು

ತೂಕದಣ್ಣ ಹೋದ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ತನ್ನ ಮನೆಯಲ್ಲಿ ತೀರಿಕೊಂಡ. ಐವತ್ತೊಂದು ವರ್ಷ. ನರಗಳು ಸ್ನಾಯುಗಳನ್ನು ಒಂದೊಂದಾಗಿ ಕೈಬಿಡುತ್ತ ಹೋಗುವ ಕಾಯಿಲೆ. ಕೊನೆಗೆ ಉಸಿರಾಟದ ಸ್ನಾಯುಗಳ ಸರದಿ ಬಂತು. ಆಫೀಸಿನ ಸೂಚನಾ ಫಲಕದಲ್ಲಿ ಮೂರು ಸಾಲು ಹಾಕಿದ್ದಾರೆ. ಹುದ್ದೆ, ‘ಚಲನೆ ಸಲಹೆಗಾರ’ ಎಂದಿದೆ. ಅದನ್ನು ಓದಿದವರಿಗೆ ಅವನು ದಿನವಿಡೀ ಏನು ಮಾಡುತ್ತಿದ್ದ ಎಂಬುದು ತಿಳಿಯುವುದಿಲ್ಲ. ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಅದರಲ್ಲಿ ನಾನು ಮಾಡಿದ ತಪ್ಪೂ ಬರುತ್ತದೆ. ಅದನ್ನು ಬಿಟ್ಟು ಬರೆದಿದ್ದರೆ ಅವನು ಕಾಗದ ಹರಿದುಹಾಕುತ್ತಿದ್ದ.

ನಮ್ಮದು ವಿಡಿಯೊ ಗೇಮ್ ತಯಾರಿಸುವ ಸಣ್ಣ ಕಂಪನಿ. ಟೈರ್ ಅಂಗಡಿಯ ಮೇಲಿನ ಎರಡು ಮಹಡಿ, ಮೂವತ್ತು ಜನ. ಅವನು ಹದಿನೆಂಟು ವರ್ಷ ಕಟ್ಟಡ ಕಟ್ಟುವ ಜಾಗಗಳಲ್ಲಿ ಕ್ರೇನ್ ನಡೆಸಿದ್ದವನು. ನಾವೊಮ್ಮೆ ಕ್ರೇನ್ ನಡೆಸುವ ಪುಟ್ಟ ಆಟವೊಂದನ್ನು ಮಾಡುತ್ತಿದ್ದಾಗ, ಸರಿಯಿದೆಯೋ ಇಲ್ಲವೋ ನೋಡಿ ಹೇಳಲು ಎರಡು ವಾರಕ್ಕೆಂದು ಅವನನ್ನು ಕರೆಸಿದ್ದರು. ಬಂದವನು ಆರು ವರ್ಷ ಉಳಿದ.

ಉಳಿದದ್ದು ನನ್ನಿಂದ. ಬಂದ ನಾಲ್ಕನೆಯ ದಿನ ಅವನು ಚಹಾದ ಲೋಟ ಹಿಡಿದುಕೊಂಡು ನನ್ನ ಕುರ್ಚಿಯ ಹಿಂದೆ ನಿಂತಿದ್ದ. ನನ್ನ ಪರದೆಯ ಮೇಲೆ ನಮ್ಮ ದೊಡ್ಡ ಆಟದ ನಾಯಕ ಓಡುತ್ತಿದ್ದ: ಯಂತ್ರಬಲದಿಂದ ನಡೆಯುವ ಕಬ್ಬಿಣದ ಯುದ್ಧಕವಚ ತೊಟ್ಟ ಸೈನಿಕ.

“ಇದರೊಳಗೆ ಯಾರಾದ್ರೂ ಇದಾರಾ?” ಎಂದ.

“ಇದಾನೆ. ಸೈನಿಕ.”

“ತೂಕ ಎಷ್ಟು?”

“ಎರಡು ಟನ್.”

“ಎರಡು ಟನ್ ಕಬ್ಬಿಣ ಹಿಂಗೆ ಬೆಕ್ಕಿನ ಥರ ತಿರುಗಿದ್ರೆ ಒಳಗಿರೋನ ಕತ್ತು ಯಾವಾಗಲೋ ಮುರಿದಿರುತ್ತೆ ಕಣೋ. ಪಾಪ, ತೆಗೆದು ಆಸ್ಪತ್ರೆಗೆ ಸೇರಿಸು.”

ಸುತ್ತಲಿನವರೆಲ್ಲ ನಕ್ಕರು. ನನಗೆ ಮೈ ಉರಿಯಿತು. ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ. “ಸಿಟ್ಟು ಮಾಡ್ಕೋಬೇಡ ತಮ್ಮಾ. ಕ್ರೇನಿನ ಹಿಡಿ ಎಳೆದ ತಕ್ಷಣ ಕ್ರೇನ್ ಅಲ್ಲಾಡಲ್ಲ. ನಿನ್ನ ಮಾತು ಕೇಳುತ್ತೆ, ಆದ್ರೆ ಒಂದು ಸಲ ಯೋಚನೆ ಮಾಡಿ ಕೇಳುತ್ತೆ. ಆ ಯೋಚನೇಲಿ ಇರೋದು ತೂಕ.”

ಅಲ್ಲಿಂದ ಮುಂದೆ ಅವನು ಯಾವ ಕವಚವನ್ನು ನೋಡಿದರೂ “ತೂಕ ಸಾಲದು” ಎನ್ನುತ್ತಿದ್ದ. ಹೆಸರು ಅದರಿಂದಲೇ ಬಂತು. ನನಗಿಂತ ಒಂಬತ್ತು ವರ್ಷ ದೊಡ್ಡವನಾದರೂ ನಾವು ಏಕವಚನದಲ್ಲೇ ಮಾತಾಡಿಕೊಳ್ಳುತ್ತಿದ್ದೆವು.

ಕಂಪ್ಯೂಟರಿನಲ್ಲಿ ಅವನಿಗೆ ಒಂದು ಸಾಲು ಬರೆಯಲೂ ಬರುತ್ತಿರಲಿಲ್ಲ. ಅವನ ಕೆಲಸವೆಲ್ಲ ಮೈಯಲ್ಲಿ. ಟೈರ್ ಅಂಗಡಿಯಿಂದ ಹಳೆಯ ಟ್ಯೂಬುಗಳನ್ನು ತಂದು, ಮರಳು ತುಂಬಿ, ಹೆಗಲಿಗೂ ತೊಡೆಗೂ ಕಟ್ಟಿಕೊಂಡು ಆಫೀಸಿನ ಮೆಟ್ಟಿಲು ಹತ್ತುತ್ತಿದ್ದ. ನಾನು ಕೆಳಗೆ ನಿಂತು ಚಿತ್ರ ತೆಗೆಯಬೇಕು. “ಹೊರಡೋದು ನೋಡ್ಬೇಡ, ನಿಲ್ಲೋದು ನೋಡು” ಎಂದು ಮೇಲಿನಿಂದ ಕೂಗುತ್ತಿದ್ದ. ಭಾರವಾದದ್ದು ಹೊರಡುವಾಗ ಎಷ್ಟು ತಡಮಾಡುತ್ತದೋ ನಿಲ್ಲುವಾಗ ಅದಕ್ಕಿಂತ ಹೆಚ್ಚು ತಡಮಾಡುತ್ತದೆ, ಹೆಜ್ಜೆ ನಿಂತರೂ ಭುಜ ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ ಎಂಬುದನ್ನು ನಾನು ಕಲಿತದ್ದು ಆ ಮೆಟ್ಟಿಲಿನ ಬುಡದಲ್ಲಿ.

ಹಾಗೆಂದು ಎಲ್ಲವನ್ನೂ ನಿಧಾನ ಮಾಡು ಎಂದವನಲ್ಲ. ಒಮ್ಮೆ ನಾನು ಅವನನ್ನು ಮೆಚ್ಚಿಸಲು ಇಡೀ ಕವಚವನ್ನೇ ನಿಧಾನ ಮಾಡಿದೆ. ಅವನು ಆಡಿ ನೋಡಿ, “ಇದು ಭಾರ ಅಲ್ಲ, ಸೋಮಾರಿತನ. ನಿನ್ನ ಸೈನಿಕ ಊಟ ಮಾಡಿ ಮಲಗೋಕೆ ಹೊರಟಿದಾನೆ” ಎಂದ. ಕಣ್ಣು, ಕತ್ತು, ಬಂದೂಕಿನ ಗುರಿ ಇವು ಬೆರಳು ಹೇಳಿದ ಕೂಡಲೇ ತಿರುಗಬೇಕು, ಯಾಕೆಂದರೆ ಅವು ಒಳಗಿರುವ ಮನುಷ್ಯನವು. ಸೊಂಟ, ಕಾಲು ಆಮೇಲೆ ಬರಬೇಕು, ಯಾಕೆಂದರೆ ಅವು ಕಬ್ಬಿಣದವು. ಆ ಎರಡರ ನಡುವಿನ ಅಂತರವೇ ಕವಚ. ಇಷ್ಟೇ ಅವನ ಸಿದ್ಧಾಂತ. ಇದನ್ನು ಬೇರೆ ಬೇರೆ ಬೈಗುಳ ಸೇರಿಸಿ ಆರು ವರ್ಷ ಹೇಳಿದ.

ಆ ಅಂತರಕ್ಕೆ ನಮ್ಮಲ್ಲಿ ಒಂದು ಅಂಕಿ ಇತ್ತು. ಪರದೆಯ ಮೇಲೆ ಒಂದು ಸೆಕೆಂಡಿಗೆ ಅರವತ್ತು ಚಿತ್ರಗಳು ಓಡುತ್ತವೆ. ಒಂದೊಂದನ್ನೂ ಫ್ರೇಮ್ ಎನ್ನುತ್ತೇವೆ. ಬೆರಳು ಒತ್ತಿದ ಮೇಲೆ ಎಷ್ಟು ಫ್ರೇಮ್ ಕಳೆದು ಕವಚದ ಕಾಲು ಏಳಬೇಕು ಎಂಬುದೇ ಆ ಅಂಕಿ. ವಾರವಿಡೀ ಹೆಜ್ಜೆಯ ಉದ್ದ, ಸದ್ದು, ಧೂಳು ಎಲ್ಲ ಬದಲಾಗುತ್ತಿದ್ದುದರಿಂದ ಪ್ರತಿ ಸೋಮವಾರ ಬೆಳಿಗ್ಗೆ ಆ ಅಂಕಿಯನ್ನು ಹೊಸದಾಗಿ ಹೊಂದಿಸುತ್ತಿದ್ದೆವು. ಅದಕ್ಕೊಂದು ಕಟ್ಟುನಿಟ್ಟಿನ ಪದ್ಧತಿ. ಅಂಕಿ ಕಂಡರೆ ಮನಸ್ಸು ಮೋಸಮಾಡುತ್ತದೆ ಎಂದು ಪರದೆಯಲ್ಲಿ ಅದು ಕಾಣುವ ಮೂಲೆಗೆ ಅವನೇ ಹಳದಿ ಚೀಟಿ ಅಂಟಿಸುತ್ತಿದ್ದ. ನಾನು ಸೊನ್ನೆಯಿಂದ ಶುರುಮಾಡಬೇಕು. ಅವನು ಆಟ ನಡೆಸುವ ಕಂಟ್ರೋಲರನ್ನು ಎರಡೂ ಕೈಯಲ್ಲಿ ಹಿಡಿದು ಆಡುತ್ತ “ಏರಿಸು, ಏರಿಸು, ಹೂಂ, ಇಳಿಸು” ಎನ್ನುತ್ತಿದ್ದ. ಒಂದು ಕಡೆ “ಬಂತು” ಎನ್ನುತ್ತಿದ್ದ. ನಾನು ಚೀಟಿ ಎತ್ತಿ ನೋಡಿ ಅಂಕಿಯನ್ನು ಬರೆದಿಟ್ಟುಕೊಳ್ಳುತ್ತಿದ್ದೆ. ಅವನಿಗೆ ಹೇಳುವಂತಿರಲಿಲ್ಲ. ಎರಡು ವರ್ಷ ಅವನ ಹೆಬ್ಬೆರಳು ಹನ್ನೆರಡಕ್ಕೇ ಬಂದು ನಿಂತಿತು; ಅಪರೂಪಕ್ಕೆ ಹನ್ನೊಂದು, ಹದಿಮೂರು. ತಕ್ಕಡಿಯೂ ಇಷ್ಟು ನಿಯತ್ತಾಗಿ ಇರುವುದಿಲ್ಲ ಎಂದು ನಾನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ.

ಕಳೆದ ವರ್ಷದ ಆರಂಭದಲ್ಲಿ ಹತ್ತಕ್ಕೆ “ಬಂತು” ಎಂದ. ಮುಂದಿನ ತಿಂಗಳು ಒಂಬತ್ತು. ಬಳಿಕ ಏಳು. ಆಟವನ್ನು ಪರೀಕ್ಷಿಸುವ ಹುಡುಗಿಯರು ಗೊಣಗತೊಡಗಿದರು. “ಅಣ್ಣನಿಗೆ ಏನಾಗಿದೆ? ಕವಚ ಹೋಗಿ ತಗಡಿನ ಡಬ್ಬ ಆಗಿದೆ” ಎಂದಳು ಒಬ್ಬಳು. ರುಚಿ ಬದಲಾಗಿದೆ ಎಂದುಕೊಂಡೆ. ಆರಕ್ಕೆ ಇಳಿದ ಸೋಮವಾರ ನಾನು ಪರದೆಯನ್ನು ಬಿಟ್ಟು ಅವನ ಕೈಯನ್ನು ನೋಡಿದೆ. ಹೆಬ್ಬೆರಳು ಕಂಟ್ರೋಲರಿನ ಕಡ್ಡಿಯ ಮೇಲೆ ಕೂತಿತ್ತು. ಅವನು ತಳ್ಳಬೇಕೆಂದುಕೊಂಡದ್ದಕ್ಕೂ ಅದು ತಳ್ಳಿದ್ದಕ್ಕೂ ನಡುವೆ ಒಂದು ಚಿಕ್ಕ ಹೊತ್ತು ಹಾದುಹೋಗುತ್ತಿತ್ತು.

ಆಗ ನನಗೆ ಎಲ್ಲ ತಿಳಿಯಿತು. ಬೆರಳು ತಡಮಾಡುತ್ತಿತ್ತು, ಅವನು ಆ ತಡವನ್ನೂ ಕವಚದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದ. ಆರು ಫ್ರೇಮ್ ಕವಚದ್ದು, ಇನ್ನಾರು ಅವನ ಕೈಯದು. ಅವನ ಪಾಲಿಗೆ ಎರಡೂ ಸೇರಿ ಹನ್ನೆರಡೇ ಆಗಿತ್ತು. ಅವನ ಮೈಯಲ್ಲಿ ಆಗುತ್ತಿದ್ದುದು ತಿಂಗಳು ತಿಂಗಳೂ ನನ್ನ ಪುಸ್ತಕದಲ್ಲಿ, ನನ್ನದೇ ಅಕ್ಷರದಲ್ಲಿ ದಾಖಲಾಗಿತ್ತು. ಅವನಿಗೆ ಮಾತ್ರ ಗೊತ್ತಿರಲಿಲ್ಲ. ಚೀಟಿ ಇತ್ತಲ್ಲ.

ಆವತ್ತು ಹೇಳಬೇಕಿತ್ತು. ನಾನು ಹೇಳಲಿಲ್ಲ. ಅವನು ಮೇಜಿನಿಂದ ಎದ್ದು ಹೋದ ಮೇಲೆ ಅಂಕಿಯನ್ನು ಸದ್ದಿಲ್ಲದೆ ಹನ್ನೆರಡಕ್ಕೆ ಏರಿಸಿಟ್ಟೆ. ಮುಂದಿನ ಸೋಮವಾರವೂ ಹಾಗೇ ಮಾಡಿದೆ. ಪರೀಕ್ಷಿಸುವವರ ದೂರು ನಿಂತಿತು. “ನೋಡಿದ್ಯಾ, ಈಗ ದಾರಿಗೆ ಬಂದ್ರು” ಎಂದು ಅವನು ಬೀಗಿದ. ಅವನ ಮರ್ಯಾದೆ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ಅವನು ಎರಡು ಲೋಟ ಬೀಳಿಸಿದ, ಗುಂಡಿಯ ಅಂಗಿ ಬಿಟ್ಟು ಬನಿಯನ್ನಿಗೆ ಇಳಿದ. “ಸೆಕೆ ಕಣೋ” ಎಂದ. ನಾನು ಹೂಂ ಎಂದೆ.

ಹೊರಗಿನವರಿಗೆ ಆಟ ತೋರಿಸುವ ದಿನ ಬಂತು. ಅವನೂ ಸಾಲಿನಲ್ಲಿ ನಿಂತು, ಎಲ್ಲರಂತೆ ಕಂಟ್ರೋಲರ್ ಹಿಡಿದ. ಎರಡು ಹೆಜ್ಜೆ ಹಾಕಿಸಿದವನು ಕೆಳಗಿಟ್ಟುಬಿಟ್ಟ. “ಇದು ನಾನು ಮಾಡಿದ್ದಲ್ಲ. ಕೆಸರಲ್ಲಿ ಹೂತಿದೆ” ಎಂದ.

“ಇಲ್ಲಿಯ ಕಂಪ್ಯೂಟರ್ ಹಳೇದು ಅಣ್ಣಾ” ಎಂದೆ. ಅದು ನಾನು ಅವನಿಗೆ ಹೇಳಿದ ಒಂದೇ ಒಂದು ನೇರ ಸುಳ್ಳು.

ಮರುದಿನ ನಾನು ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಅವನು ನನ್ನ ಕುರ್ಚಿಯಲ್ಲಿ ಕೂತಿದ್ದ. ಚೀಟಿ ಮೇಜಿನ ಮೇಲಿತ್ತು. ಪಕ್ಕದಲ್ಲಿ ನನ್ನ ಪುಸ್ತಕ ತೆರೆದಿತ್ತು.

“ಇದು ಹನ್ನೆರಡು. ಪುಸ್ತಕದಲ್ಲಿ ಈ ಸೋಮವಾರ ನಾನು ಮಾಡಿದ್ದು ನಾಲ್ಕು” ಎಂದ. “ಎಷ್ಟು ದಿನದಿಂದ?”

“ನಾಲ್ಕು ತಿಂಗಳು.”

ಅವನು ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಅಂಗಡಿಯಲ್ಲಿ ವಸ್ತು ನೋಡುವವರ ಹಾಗೆ. “ಇದು ಕೆಟ್ಟಿದೆ ಅಂತ ನಿನಗೆ ಗೊತ್ತಿತ್ತು.”

“ಅನುಮಾನ ಇತ್ತು.”

“ಬ್ರೇಕ್ ಸವೆದಿರೋದು ಗೊತ್ತಿದ್ದೂ ಇನ್ನೊಬ್ಬನನ್ನ ಕ್ರೇನ್ ಮೇಲೆ ಕಳಿಸೋನನ್ನ ನಮ್ಮಲ್ಲಿ ಏನಂತ ಕರೀತಿದ್ರು ಗೊತ್ತೇನೋ?”

“ಅಣ್ಣಾ—”

“ಕರೀತಿರಲಿಲ್ಲ. ಅವನ ಜೊತೆ ಯಾರೂ ಮಾತೇ ಆಡ್ತಿರಲಿಲ್ಲ.”

ಎದ್ದು ಹೋದ. ಮೂರು ವಾರ ಮಾತಿಲ್ಲ. ಆ ಮೂರು ವಾರದಲ್ಲಿ ಆಸ್ಪತ್ರೆಯಲ್ಲಿ ಅವನ ಪರೀಕ್ಷೆಗಳೆಲ್ಲ ಮುಗಿದು ಕಾಯಿಲೆಗೆ ಹೆಸರು ಸಿಕ್ಕಿತು. ನಾಲ್ಕು ತಿಂಗಳು ಮೊದಲೇ ಬಂದಿದ್ದರೂ ಗುಣವಾಗುತ್ತಿರಲಿಲ್ಲ ಎಂದು ವೈದ್ಯರು ಅತ್ತಿಗೆಗೆ ಹೇಳಿದರಂತೆ. ಅತ್ತಿಗೆ ಎಂದರೆ ತೂಕದಣ್ಣನ ಹೆಂಡತಿ. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ವೈದ್ಯರ ಮಾತನ್ನು ಅವರು ನನಗೆ ಸಮಾಧಾನವಾಗಲಿ ಎಂದೇ ಫೋನ್ ಮಾಡಿ ತಿಳಿಸಿದರು. ಸಮಾಧಾನವಾಗಲಿಲ್ಲ. ಗುಣವಾಗದಿದ್ದರೂ ಆ ನಾಲ್ಕು ತಿಂಗಳು ಅವನವು. ಕೈ ಇನ್ನೂ ಅಷ್ಟಿಷ್ಟು ಆಡುತ್ತಿದ್ದ ತಿಂಗಳುಗಳು. ಗೊತ್ತಿದ್ದರೆ ಅವುಗಳಲ್ಲಿ ಏನು ಮಾಡುತ್ತಿದ್ದನೋ, ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಕೊನೆಗೆ ಅವನೇ ಕರೆಸಿದ. ಹೋದಾಗ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಕಾಲೂ ಸೋತಿತ್ತು. ನನ್ನ ಮುಖ ನೋಡಿ, “ಅಳೋದಾದ್ರೆ ಹೊರಗೆ ಹೋಗಿ ಅತ್ತು ಬಾ. ಕೆಲಸ ಇದೆ” ಎಂದ. ಮಾತು ಆಗಲೇ ತೊದಲುತ್ತಿತ್ತು.

ಕೆಲಸ ಏನೆಂದು ನನಗೂ ಗೊತ್ತಿತ್ತು. ನಮ್ಮ ಕಂಪನಿ ನಡೆಸುವ ಮೇಡಂ ಮೇಲೆ ಒತ್ತಡವಿತ್ತು. ಆಟವನ್ನು ಮಾರುವವರು ಕವಚ ಹಗುರವಾಗಲಿ, ಆರು ಸಾಕು ಎಂದಿದ್ದರು. ಕೆಲವು ತಿಂಗಳಾಚೆಗೆ ಗೊತ್ತುಮಾಡಿದ್ದ ಒಂದು ಮಂಗಳವಾರ ಮಧ್ಯಾಹ್ನ ಎಲ್ಲ ಅಂಕಿಗಳಿಗೂ ಬೀಗ, ಆಮೇಲೆ ಬದಲಾಯಿಸುವಂತಿಲ್ಲ. “ಅಷ್ಟರೊಳಗೆ ತೂಕದಣ್ಣ ಕಾರಣ ಸಮೇತ ಒಂದು ಅಂಕಿ ಕೊಟ್ಟರೆ ನಾನು ಅವರ ಪರ ನಿಲ್ತೀನಿ. ಇಲ್ಲದಿದ್ರೆ ಆರೇ” ಎಂದಿದ್ದರು ಮೇಡಂ.

“ಹನ್ನೆರಡು ಅಂತ ಹೇಳಿಬಿಡೋಣ. ಎರಡು ವರ್ಷದ ಲೆಕ್ಕ ಇದೆ” ಎಂದೆ.

“ಅದು ನನ್ನ ಬೆರಳಿನ ಲೆಕ್ಕ. ಆ ಬೆರಳು ಯಾವತ್ತಿಂದ ಸುಳ್ಳು ಹೇಳ್ತಿತ್ತೋ ಯಾರಿಗೆ ಗೊತ್ತು? ಬೇರೆಯವರ ಕೈ ಬೇಕು.” ಬಾಗಿಲ ಕಡೆ ತಿರುಗಿ, “ಏ, ಇಲ್ಲಿ ಬಾರೇ” ಎಂದ.

ಅತ್ತಿಗೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದರು. ಜೀವಮಾನದಲ್ಲಿ ಕಂಟ್ರೋಲರ್ ಮುಟ್ಟಿದವರಲ್ಲ. “ನನಗೆ ಬರೋ ಮಿಷನ್ ಹೊಲಿಗೆ ಮಿಷನ್ ಒಂದೇ. ಇದನ್ನೆಲ್ಲಿ ತುಳೀಬೇಕು?” ಎಂದರು. ಮೊದಲ ದಿನ ಕವಚವನ್ನು ಗೋಡೆಗೆ ಗುದ್ದಿಸಿದರು, ಹೊಳೆಗೆ ಇಳಿಸಿದರು. “ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ರೀ” ಎಂದು ತಾವೇ ಗಾಬರಿಯಾದರು. ತೂಕದಣ್ಣ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕ.

ಆದರೆ ಅವನು ಪರದೆ ನೋಡುತ್ತಿರಲಿಲ್ಲ. ಹೆಂಡತಿಯ ಭುಜ ನೋಡುತ್ತಿದ್ದ. ಕವಚ ಹಗುರವಿದ್ದಾಗ ಆಡುವವರ ಭುಜ ಸುಮ್ಮನಿರುತ್ತದೆ, ಬೆರಳಷ್ಟೇ ಆಡುತ್ತದೆ. ತೂಕ ಸರಿಯಾದಾಗ ಕವಚ ಹೆಜ್ಜೆ ಎತ್ತುವ ಮೊದಲು ಅವರಿಗೇ ತಿಳಿಯದೆ ಅವರ ಭುಜ ಮೇಲೇಳುತ್ತದೆ, ಹೆಜ್ಜೆ ಬಿದ್ದಾಗ ಇಳಿಯುತ್ತದೆ. ಇದನ್ನು ಅವನು ಕಂಡುಕೊಂಡದ್ದು ತನ್ನ ಕೈ ಪೂರ್ತಿ ಹೋದ ಮೇಲೆ. ಮೇಡಂಗೆ ಕೊಡಬೇಕಾದ ಕಾರಣ ಅದೇ. ನಾನು ಅತ್ತಿಗೆಯ ಭುಜವನ್ನು ಚಿತ್ರ ತೆಗೆದು ಕಳಿಸಿದೆ. ಮೇಡಂ ತಮ್ಮ ಮಗಳ ಕೈಗೆ ಕಂಟ್ರೋಲರ್ ಕೊಟ್ಟು ನೋಡಿ, ಅರ್ಧ ಗಂಟೆಯಲ್ಲಿ ಉತ್ತರ ಬರೆದರು: “ಅಂಕಿ ಕಳಿಸಿ. ಯಾವುದಾದರೂ ಸರಿ.”

ಇಷ್ಟೆಲ್ಲ ಆಗುವಷ್ಟರಲ್ಲಿ ತಿಂಗಳುಗಳು ಕಳೆದು ಅವನ ಮಾತು ನಿಂತಿತ್ತು. ಹುಬ್ಬು ಏರಿಸಿದರೆ ಇನ್ನೊಂದು ಫ್ರೇಮ್ ಹೆಚ್ಚು. ಕಣ್ಣು ಮುಚ್ಚಿ ತೆರೆದರೆ ಒಂದು ಕಡಿಮೆ. ಸುಮ್ಮನಿದ್ದರೆ ಸರಿ ಎಂದರ್ಥ.

ಹೋದ ಮಂಗಳವಾರ, ಅಂಕಿಗಳಿಗೆ ಬೀಗ ಬೀಳುವ ದಿನ, ಬೆಳಿಗ್ಗೆ ಒಂಬತ್ತಕ್ಕೆ ಹೋದೆ. ಉಸಿರು ಮೇಲುಮೇಲಾಗಿತ್ತು. ಇವತ್ತು ಬೇಡ ಎಂದು ಅತ್ತಿಗೆ ಹೇಳಿದರು. ಅವನು ಕಂಟ್ರೋಲರಿನ ಕಡೆಗೇ ನೋಡುತ್ತಿದ್ದ. ಅತ್ತಿಗೆ ಕಣ್ಣೊರೆಸಿಕೊಂಡು ಕೂತರು. ಈ ಸಲ ನಾನು ಚೀಟಿ ಅಂಟಿಸಲಿಲ್ಲ. ಒಂದೊಂದು ಅಂಕಿಯನ್ನೂ ಬಾಯಿಬಿಟ್ಟು ಹೇಳಿದೆ. ಎಂಟು. ಹುಬ್ಬು ಏರಿತು. ಒಂಬತ್ತು. ಏರಿತು. ಹನ್ನೆರಡಕ್ಕೆ ಬಂದಾಗ ಅತ್ತಿಗೆಯ ಭುಜ ಸ್ವಲ್ಪ ಎದ್ದಿತು. ಇಲ್ಲಿಗೆ ನಿಲ್ಲಿಸುತ್ತಾನೆ, ಅವನ ಹಳೆಯ ಹೆಬ್ಬೆರಳು ಸುಳ್ಳು ಹೇಳಿರಲಿಲ್ಲ ಎಂದಾಗುತ್ತದೆ ಎಂದು ನಾನು ಆಸೆಯಿಂದ ಕಾದೆ. ಹುಬ್ಬು ಏರಿತು. ಹದಿಮೂರು. ಕವಚ ಒಂದು ಹೆಜ್ಜೆ ಇಟ್ಟಿತು. ಅತ್ತಿಗೆಯ ಎರಡೂ ಭುಜ ಮೇಲೆದ್ದು ಧಪ್ಪನೆ ಇಳಿದವು.

“ಅಬ್ಬಾ, ಬೆನ್ನು ಬಿದ್ದೋಯ್ತು ಕಣ್ರೀ. ಸಾಕಾ?” ಎಂದು ಅವರು ತಿರುಗಿದರು.

ಅವನು ಅವರ ಭುಜವನ್ನೇ ನೋಡುತ್ತ, ಇನ್ನೊಮ್ಮೆ ಹುಬ್ಬು ಏರಿಸಿದ.