ಗದ್ದ ಇಡುವ ಕಡೆ

ಎಲ್ಲರ ಕಣ್ಣು ನೋಡುವ ನಾನು ನನ್ನ ಕಣ್ಣು ನೋಡಿಕೊಳ್ಳಲಾರೆ. ಕಣ್ಣಿನ ಬಾಗು ಅಳೆಯುವ ಕೆರಟೋಮೀಟರಿಗೆ ಎರಡು ಕಡೆ: ಗದ್ದ ಇಡೋಕೆ ಒಂದು, ಈಚೆ ಕೂತು ನೋಡೋಕೆ ಒಂದು. ಮೂಡಲಪಾಳ್ಯದ ನನ್ನ ಕ್ಲಿನಿಕ್ಕಿನಲ್ಲಿರೋದು ನಾನೊಬ್ಬಳೇ.

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಕಷ್ಟಪಟ್ಟು ಓದಿದ್ದು, ಹೆಮ್ಮೆ ಇದೆ, ಯಾಕೆ ಮುಚ್ಚಿಡಲಿ? ಹಾಗೆ ಓದಿದ್ದಕ್ಕೇ, ರಾತ್ರಿ ಬೀದಿದೀಪಗಳಿಗೆ ಬಾಲ ಬಂದಂತೆ ಕಾಣತೊಡಗಿದಾಗ ಕಾರಣ ತಕ್ಷಣ ಹೊಳೆಯಿತು. ಕಣ್ಣಿನ ಮುಂಭಾಗದ, ಅಂದರೆ ಕಾರ್ನಿಯಾದ, ಬಾಗು ಸೊಟ್ಟಗಾದರೆ ಹೀಗಾಗುತ್ತೆ. ಸುಮ್ಮನೆ ನಂಬರ್ ಬದಲಾಗಿದ್ದರೆ ಪರವಾಗಿಲ್ಲ. ಚೂಪಾಗುತ್ತಲೇ ಹೋಗುವ ಕಾಯಿಲೆಯಾದರೆ ಈ ಕೆಲಸದ ಗತಿ?

ವಿಜಯನಗರದಲ್ಲಿ ಪರಿಚಯವಿಲ್ಲದ ಕ್ಲಿನಿಕ್ಕಿಗೆ ಹೋದೆ. ನನ್ನ ಕೆಲಸ ಏನಂತ ಹೇಳಲಿಲ್ಲ. ಅಲ್ಲಿ ಕಣ್ಣು ಪರೀಕ್ಷಿಸುವ ವಯಸ್ಸಾದ ಆಪ್ಟೋಮೆಟ್ರಿಸ್ಟ್ ಕೆರಟೋಮೀಟರಿನಲ್ಲಿ ಬಹಳ ಹೊತ್ತು ನೋಡಿದರು. ಕಣ್ಣಿನ ಮೇಲೆ ಬಿದ್ದ ಬೆಳಕಿನ ಉಂಗುರ ಸೊಟ್ಟಗಿದ್ದರೆ ನಾನೂ ಅಷ್ಟೇ ಹೊತ್ತು ನೋಡ್ತೀನಿ.

ಆಮೇಲೆ ನನ್ನ ಕನ್ನಡಕದ ಹಳೇ ನಂಬರಿನ ಗಾಜನ್ನೇ ಕಣ್ಣಿಗೆ ಹಾಕಿ, ಹಿಡಿ ಇರುವ ಪುಟ್ಟ ಗಾಜನ್ನು ಮುಂದೆ ತಿರುಗಿಸಿದರು. "ಇದು ಕ್ಲಿಯರಾ? ಇದಾ?"

"ಎರಡೂ ಒಂದೇ ಸಾರ್."

ಹಾಗೆ ಹೇಳಿಬಿಟ್ಟರೆ ಗಾಜಿನ ಕೋನ ಸರಿಯಿದೆ ಅಂತ ಲೆಕ್ಕ. ಹಳೇ ನಂಬರ್ ಹಾಗೇ ಉಳಿಯುತ್ತೆ.

ಅವರು ಗಾಜು ಕೆಳಗಿಳಿಸಿದರು. "ಏನಮ್ಮ, ನೀನೂ ಇದೇ ಕಸುಬಾ?"

"ಹೇಗೆ ಗೊತ್ತಾಯ್ತು?"

"ಪೇಷಂಟು ಯಾರೂ ಇಷ್ಟು ಬೇಗ ಒಂದೇ ಅನ್ನಲ್ಲ ಕಣಮ್ಮ. ಇನ್ನೊಂದ್ಸಲ ತೋರ್ಸಿ, ಇನ್ನೊಂದ್ಸಲ ತೋರ್ಸಿ ಅಂತ ಪ್ರಾಣ ತಿಂತಾರೆ. ನೀನು ಪರೀಕ್ಷೆ ಥರ ಸರಿ ಉತ್ತರ ಬರೀತಿದೀಯ. ಏನು ಕಾಣ್ಸುತ್ತೋ ಅದು ಹೇಳು."

ಮತ್ತೆ ತಿರುಗಿಸಿದರು. ಮೊದಲಿನ ಹಾಗೇ ಒಂದು ಸ್ಪಷ್ಟವಾಗಿತ್ತು, ಇನ್ನೊಂದು ಪೂರಾ ಮಸುಕು. ಹೇಳಿದೆ. ಕೋನ ಬದಲಾಯಿತು, ಪವರ್ ಏರಿತು, ಇನ್ನೂ ಏರಿತು. ಗೋಡೆಯ ಚಾರ್ಟಿನ ಕೊನೆಯ ಸಾಲಿನ ಅಕ್ಷರಗಳು ಮಾತ್ರ ಯಾವ ಗಾಜಿಗೂ ತಿಳಿಯಾಗಲಿಲ್ಲ.

"ಆಸ್ಪತ್ರೆಯಲ್ಲಿ ಕಾರ್ನಿಯಾ ಸ್ಕ್ಯಾನ್ ಮಾಡಿಸ್ಬಿಡು," ಅಂದರು. "ಡ್ರಾಪ್ಸ್ ಹಾಕ್ತಾರೆ, ಸ್ವಲ್ಪ ಹೊತ್ತು ಕಣ್ಣು ಮಂಜಾಗುತ್ತೆ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗು."

ಆಚೆ ಬಂದು ಫುಟ್‌ಪಾತಿನಲ್ಲಿ ನಿಂತೆ. ಅಪ್ಪನ ಆಪರೇಷನ್, ಅತ್ತೆಯ ಶುಗರ್, ತಮ್ಮನ ಮುರಿದ ಕೈ, ಎಲ್ಲಕ್ಕೂ ಜೊತೆಗೆ ಹೋದವಳು ನಾನು. ಡಾಕ್ಟರ್ ಹತ್ತಿರ ಮಾತಾಡೋಕೆ ಬರೋದು ನನಗೊಬ್ಬಳಿಗೇ ಅಂತ. ಫೋನ್ ಹಿಡಿದುಕೊಂಡು ಯಾರಿಗೆ ಮಾಡಲಿ ಅಂತ ಹೊಳೆಯಲಿಲ್ಲ. ಕೊನೆಗೆ ಅಮ್ಮನಿಗೆ ಮಾಡಿದೆ.

"ಅಮ್ಮಾ, ನಾಳೆ ಆಸ್ಪತ್ರೆಗೆ ಹೋಗ್ಬೇಕು."

"ಯಾರನ್ನ ಕರ್ಕೊಂಡು ಹೋಗ್ತಿದೀಯೇ?"

"ನನ್ನ ಕಣ್ಣೇ ಅಮ್ಮಾ, ತೋರ್ಸ್ಬೇಕಾಗಿರೋದು."

ಆ ಕಡೆ ಕುಕ್ಕರ್ ಕೂಗುತ್ತಿತ್ತು. ಅಮ್ಮ ಕೇಳಿದಳು: "ಅಲ್ಲಿ ನಾನೇನ್ ಮಾತಾಡ್ಲಿ?"

"ಏನೂ ಬೇಡ. ಪಕ್ಕದಲ್ಲಿ ಕೂತ್ಕೋ."