ಶ್ರಾವಣದಲ್ಲಿ ಶೇವಂತೆವ್ವನ ಮರಿಗಳು

ಇಂಗಳೇಶ್ವರದ ಶೇವಂತೆವ್ವನಿಗೆ ಅರವತ್ತೆರಡು ವರ್ಷ. ಕುರಿ ಕಾಯ್ದು ಬೆಳೆದವಳು. ಕಿವಿ ಮುಟ್ಟಿ ಕುರಿಯ ಜ್ವರ ಹೇಳಬಲ್ಲಳು. ಪಶುವೈದ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ನಾನು ಅವಳ ಮಾತನ್ನು ಥರ್ಮಾಮೀಟರಿನಷ್ಟೇ ನಂಬುತ್ತಿದ್ದೆ. ಅಂಥವಳು ಕೋಳಿಮರಿಗಳ ವಿಷಯದಲ್ಲಿ ಸೋತಳು.

ಕಳೆದ ವರ್ಷ ಯಾವುದೋ ಸಂಸ್ಥೆಯವರು ಅವಳ ಸೊಸೆ ಸುವರ್ಣಾಳಿಗೆ ನಲವತ್ತು ಮರಿಗಳನ್ನೂ ಒಂದು ಚೀಲ ಆಹಾರವನ್ನೂ ಕೊಟ್ಟು, ಫೋಟೊ ತೆಗೆಸಿಕೊಂಡು ಹೋದರು. ಚೀಲದ ಮೇಲಿನ ವಿವರವೆಲ್ಲ ಇಂಗ್ಲಿಷಿನಲ್ಲಿತ್ತು. ಓದಿ ಹೇಳುವಷ್ಟು ಸೌಜನ್ಯ ಒಬ್ಬರಿಗೂ ಇರಲಿಲ್ಲ! ಎಂಟನೆಯ ದಿನ ಶ್ರಾವಣ ಹಿಡಿಯಿತು. ಆ ತಿಂಗಳು ಆ ಮನೆಯಲ್ಲಿ ಮೀನಿನ ವಾಸನೆಯೂ ಸುಳಿಯುವಂತಿಲ್ಲ. ಆಹಾರದಲ್ಲಿ ಮೀನಿನ ಪುಡಿಯಿತ್ತು; ಚೀಲ ಬಿಚ್ಚಿದರೆ ನಾರುತ್ತಿತ್ತು. ಶೇವಂತೆವ್ವ ಚೀಲವನ್ನು ಹೊಲದ ಗುಡಿಸಲಿಗೆ ಸಾಗಿಸಿ, ಮರಿಗಳಿಗೆ ಬರೀ ಬಿಳಿಜೋಳದ ನುಚ್ಚು ಹಾಕಲು ಸೊಸೆಗೆ ಹೇಳಿದಳು.

ಎರಡು ವಾರಗಳ ನಂತರ ನನ್ನನ್ನು ಕರೆಸಿದಾಗ ಹದಿನಾಲ್ಕು ಮರಿಗಳು ಸತ್ತಿದ್ದವು. ಉಳಿದವು ನುಚ್ಚನ್ನು ಎರಡು ಸಲ ಕುಕ್ಕಿ, ಮುಖ ತಿರುಗಿಸಿ, ರೆಕ್ಕೆ ಇಳಿಬಿಟ್ಟು ನಿಲ್ಲುತ್ತಿದ್ದವು.

“ಇಕಿ ಕೈಗುಣ ಚೊಲೋ ಇಲ್ರಿ ಸಾಹೇಬ್ರ,” ಎಂದಳು ಶೇವಂತೆವ್ವ, ಸೊಸೆಯತ್ತ ಕೈ ತೋರಿಸಿ. “ಇಕಿ ಹಾಕಿದ್ದು ಮರಿನೂ ಒಲ್ಲೆ ಅಂತಾವು. ಓಣಿಗೆಲ್ಲಾ ಗೊತ್ತಾಗೇತಿ.”

ಸುವರ್ಣಾ ತಲೆ ಎತ್ತಲಿಲ್ಲ.

“ಕೈಯಾಗ ಏನೂ ಇಲ್ಲ, ಶೇವಂತೆವ್ವ. ಕಾಳಿನ್ಯಾಗ ಐತಿ,” ಎಂದೆ.

ಬೆಳೆಯುವ ಮರಿಗೆ ಬೇಕಾದ, ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳಲ್ಲಿ ಲೈಸಿನ್ ಎಂಬುದು ಜೋಳದಲ್ಲಿ ತೀರ ಕಡಿಮೆ, ಮೀನಿನ ಪುಡಿಯಲ್ಲಿ ಹೇರಳ. ಒಂದರ ಕೊರತೆಯಾದರೂ ಮೆದುಳು ಅದನ್ನು ಗುರುತಿಸಿ ಆಹಾರವನ್ನೇ ತಿರಸ್ಕರಿಸುತ್ತದೆ. ಮೆದುಳಿನ ಕೆಲವು ಸಂದೇಶವಾಹಕ ರಾಸಾಯನಿಕಗಳು ತಯಾರಾಗುವುದೂ ಇಂಥ ಆಮ್ಲಗಳಿಂದಲೇ; ಅವು ಏರುಪೇರಾದರೆ ಹಸಿವು ಮಂಕಾಗುತ್ತದೆ. ಇಷ್ಟನ್ನು ಅವಳಿಗೆ ತಿಳಿಯುವಂತೆ ಹೇಳಿದೆ.

“ಹಂಗಾರ ರಾಶಿ ಮುಂದ ಕುಂತು ಉಪಾಸ ಸಾಯ್ತಾವೇನ್ರಿ?”

“ಹೌದು.”

“ಚೀಲಾ ಕೊಟ್ಟಾವ್ರಿಗೆ ಬಾಯಿ ಇದ್ದಿಲ್ಲೇನ್ರಿ?”

ಶೇವಂತೆವ್ವ ಎದ್ದು ಹೊಲಕ್ಕೆ ಹೋದಳು. ಶ್ರಾವಣ ಮುಗಿಯಲು ಇನ್ನೂ ಹದಿನೈದು ದಿನಗಳಿದ್ದವು. ನಡುಮಧ್ಯಾಹ್ನ, ಓಣಿಯವರೆಲ್ಲ ನೋಡುತ್ತಿರುವಂತೆ, ಆ ನಾರುವ ಚೀಲವನ್ನು ತಲೆಯ ಮೇಲೆ ಹೊತ್ತು ತಂದಳು. ಮರಿಗಳಿಗೆ ತಾನೇ ಹಾಕತೊಡಗಿದಳು; ಆದರೆ ಸೊಸೆಯ ಕೈಗುಣದ ಬಗ್ಗೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ತೀರ ಸೊರಗಿದ್ದವು ಸತ್ತು, ಕೊನೆಗೆ ಹನ್ನೊಂದು ಮರಿಗಳಷ್ಟೇ ಉಳಿದವು. ದಸರೆಯ ಹೊತ್ತಿಗೆ ಹೋದಾಗ ಅಂಗಳದಲ್ಲಿ ಅವು ಶೇವಂತೆವ್ವನ ಕಾಲು ಸುತ್ತುತ್ತಿದ್ದವು. ಸುವರ್ಣಾ ಬಾಗಿಲಲ್ಲೇ ನಿಂತಿದ್ದಳು.

“ನೀನೂ ಒಂದು ಹಿಡಿ ಹಾಕವ್ವ,” ಎಂದೆ.

ಶೇವಂತೆವ್ವ ಬುಟ್ಟಿಯನ್ನು ಅವಳತ್ತ ಚಾಚಿದಳು. ಸುವರ್ಣಾ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ಬ್ಯಾಡ್ರಿ ಸಾಹೇಬ್ರ. ಈಗ ತಿನ್ನಾಕತ್ತಾವು. ತಿನ್ಲಿ.”