ಅಕ್ಕನ ಮಗಳ ಕಿವಿ

ನಮ್ಮ ಅಕ್ಕನ್ನ ಖಾನಾಪುರದ ಸೋದರಮಾವಗ ಕೊಟ್ಟಿದ್ರು. ನಮ್ಮ ಅವ್ವನ ತಮ್ಮನೇ ಅಕಿ ಗಂಡ, ನಮ್ಮ ಅಜ್ಜಿನೇ ಅಕಿ ಅತ್ತಿ. "ಮನಿ ಹುಡುಗಿ ಮನ್ಯಾಗೇ ಉಳದ್ಲು" ಅಂತ ಎಲ್ಲಾರೂ ಕುಣದಾಡಿದ್ರು. ಹುಟ್ಟಿದ ಮಗಳಿಗೆ ಕಿವಿ ಕೇಳಂಗಿಲ್ಲ ಅಂತ ಗೊತ್ತಾದಾಗ ಎಲ್ಲಾರೂ ಅಕ್ಕನ ಹಣೇಬರಹ ಅಂದ್ರು.

ನಮ್ಮ ಕಡೆ ಕೂಸಿಗೆ ಏನರ ಆದ್ರ ಚುಟಿಗಿ ಹಾಕತಾರ, ಕಾಸಿದ ಗಾಜಿನ ಬಳಿ ಚೂರಿನಿಂದ ಮೈ ಸುಡತಾರ. ಅಜ್ಜಿ ಆ ಕೂಸಿನ ಎರಡೂ ಕಿವಿ ಹಿಂದ ಚುಟಿಗಿ ಹಾಕಿದ್ಲು. ನಾ ಅಡ್ಡ ಹೋದೆ. ಮಾವ ನನ್ನ ಜಡಿ ಹಿಡದು ದರದರ ಎಳದು ಹೊರಗ ಒಗದ. ಚರ್ಮ ಸುಟ್ಟ ವಾಸನಿ ಅಂಗಳದ ತನಕ ಬಂತು. ಕಿವಿ ಕೇಳದ ಕೂಸು ಚೀರಿದ್ದು ಇಡೀ ಓಣಿಗೆ ಕೇಳಿತು. ಹಾಳಾಗಿ ಹೋಗ್ಲಿ ಅವರ ಔಷಧ!

ಕೆಲವು ವರ್ಷದ ಮ್ಯಾಲ, ಎಂಬತ್ತರ ದಶಕದಾಗ, ನಾ ಬೆಳಗಾವಿ ಕಾಲೇಜಿನ್ಯಾಗ ಜೀವಶಾಸ್ತ್ರ ಓದಾಕತ್ತಿದ್ದೆ. ಒಂದಿನ ನಮ್ಮ ಸರ್ ಹೇಳಿದ್ರು: ಹತ್ತರದ ಸಂಬಂಧದಾಗ ಮದಿವಿ ಆದ್ರ ಇಂಥಾ ಕುಂದು ಹೆಚ್ಚು, ಮುಂದೊಂದು ಕಾಲಕ್ಕ ಹೊಟ್ಟ್ಯಾಗಿನ ಕೂಸಿನ ಜೀನ್ ಕತ್ತರಿಸಿ ತಿದ್ದಾಕ ಬರಬಹುದು. ನನಗ ಸ್ವರ್ಗಕ್ಕ ಮೂರೇ ಗೇಣು. ಮರುದಿನಾನೇ ಖಾನಾಪುರದ ಬಸ್ ಹತ್ತಿದೆ. ಅಕ್ಕ ಮತ್ತ ಬಸುರಿದ್ಲು.

ಅಕಿ ರೊಟ್ಟಿ ಬಡಿಯಾಕತ್ತಿದ್ಲು, ಬಾಜೂಕ ಐದಾರು ವರ್ಷದ ಮಗಳು ಕುಂತಿದ್ಲು. ನಾ ಉಬ್ಬಿ ಹೇಳಿದೆ, "ಅಕ್ಕಾ, ಮುಂದ ಇಂಥಾ ಮಕ್ಕಳು ಹುಟ್ಟಂಗೇ ಇಲ್ಲ!"

ಹಿಟ್ಟಿನ ಕೈಲೇ ನನ್ನ ಕಪಾಳಕ್ಕ ಬಾರಿಸಿದ್ಲು. ಕಣ್ಣಾಗ ಕತ್ತಲಿ ಬಂತು. ಸಾವರಿಸಿಕೊಳ್ಳೂದ್ರಾಗ ಮತ್ತೊಂದು ಬಿತ್ತು.

"ಇಂಥಾ ಅಂದ್ರ ಎಂಥಾ? ಅಜ್ಜಿ ಬಳಿ ಚೂರು ಕಾಸಿದ್ಲು, ನೀ ಪುಸ್ತಕ ಕಾಸ್ಕೊಂಡು ಬಂದೀ!"

ನನಗೂ ಸಿಟ್ಟು ನೆತ್ತಿಗೇರಿತು. ಅಕಿ ರಟ್ಟಿ ಹಿಡದು ಗದಗದ ಅಲಗಾಡಿಸಿದೆ. "ಹಂಗಾದ್ರ ಹೊಟ್ಟ್ಯಾಗಿಂದಕ್ಕೂ ಕಿವಿ ಕೇಳಬಾರದೇನ? ಖರೇ ಹೇಳು!"

"ಕೇಳಬೇಕು!" ಅಂತ ಚೀರಿದ್ಲು. "ದಿನಾ ದೇವರ ಮುಂದ ಹಣಿ ಬಡಕೊಳ್ಳಾಕತ್ತೇನಿ. ಆದ್ರ ಇಕಿ ಬ್ಯಾಡಾಗಿದ್ಲು ಅಂತ ನನ್ನ ಬಾಯಿಂದ ಹೊರಡಸಬ್ಯಾಡ."

"ಅಂದ್ರೇನಾತು, ಇಕಿಗೇನು ಕೇಳಸ್ತೈತಿ?"

"ಇಕಿಗೆ ನಮ್ಮ ಕಣ್ಣು, ಮಾರಿ ಕಾಣಸ್ತಾವಲ್ಲ!"

ಸರ್ ಹೇಳಿದ್ದು ತಪ್ಪಂತ ಇವತ್ತಿಗೂ ನನಗ ಅನಸಂಗಿಲ್ಲ. ಅವತ್ತೂ ಅದನ್ನೇ ವಾದ ಮಾಡಾಕ ಬಾಯಿ ತೆರದೆ. ಅಕ್ಕನ ರಟ್ಟಿ ನನ್ನ ಕೈಯಾಗೇ ಇತ್ತು. ಆ ಹುಡುಗಿ ಜಿಗದು ಬಂದು ನನ್ನ ಮುಂಗೈಗೆ ಬಾಯಿ ಹಾಕಿದ್ಲು. ರಕ್ತ ಬಂತು. ನಾ ಚೀರಿದೆ, ಅಕಿ ತಲಿಗೆ ಬಡದೆ, ಆದ್ರೂ ಬಿಡಲಿಲ್ಲ. ಅವರವ್ವನ ಕೈ ನಾ ಬಿಟ್ಟಮ್ಯಾಲೇ ಬಿಟ್ಲು.